ಎಣ್ಣೆ ಹಚ್ಚಿದ ಸ್ಟಡ್ಡುಗಳು

ಕೆಲವು ಜರ್ಮನ್ ಕಾರುಗಳ ಚಕ್ರಕ್ಕೆ ನಟ್ಟು ಇರುವುದಿಲ್ಲ, ಬೋಲ್ಟ್ ಇರುತ್ತದೆ. ಚಕ್ರವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಅದರ ತೂತನ್ನು ಒಳಗಿನ ಹಬ್‌ನ ತೂತಿಗೆ ಹೊಂದಿಸಿ, ಮೂರನೆಯ ಕೈಯನ್ನು ಎಲ್ಲಿಂದಾದರೂ ತಂದು ಬೋಲ್ಟ್ ತಿರುಗಿಸಬೇಕು. ವರ್ಷಕ್ಕೊಮ್ಮೆ ಪಂಕ್ಚರ್ ಆಗುವವರಿಗೆ ಇದೊಂದು ಕಷ್ಟವೇ ಅಲ್ಲ. ವಾರವಾರ ಚಕ್ರ ಬದಲಿಸುವವರಿಗೆ ಕಷ್ಟ. ಅಂಥವರು ಬೋಲ್ಟಿನ ಜಾಗದಲ್ಲಿ ಎರಡೂ ತುದಿಗೆ ಥ್ರೆಡ್ ಇರುವ ಉಕ್ಕಿನ ಕಡ್ಡಿಯನ್ನು ಹಬ್‌ಗೆ ಶಾಶ್ವತವಾಗಿ ತಿರುಗಿಸಿಬಿಡುತ್ತಾರೆ. ಆ ಕಡ್ಡಿಗೆ ಸ್ಟಡ್ ಎನ್ನುತ್ತಾರೆ. ಆಮೇಲೆ ಚಕ್ರವನ್ನು ಅದರ ಮೇಲೆ ತೂಗುಹಾಕಿ ಹೊರಗಿನಿಂದ ನಟ್ಟು ಬಿಗಿದರೆ ಆಯಿತು. ಒಂದು ಕಾರಿಗೆ ಬೆರಳು ಗಾತ್ರದ ಇಪ್ಪತ್ತು ಕಡ್ಡಿ. ಅವುಗಳಲ್ಲಿ ನಾನು ಮಾಡಿದ ತಪ್ಪನ್ನೂ, ಆ ತಪ್ಪನ್ನು ಮುಚ್ಚಲು ಮಾಡಿದ ದೊಡ್ಡ ತಪ್ಪನ್ನೂ ಬರೆಯುತ್ತಿದ್ದೇನೆ.

ನನ್ನ ಲೇತ್ ಶಾಪ್ ಕೊಯಮತ್ತೂರು ಹತ್ತಿರದ ಕರುಮತ್ತಂಪಟ್ಟಿಯಲ್ಲಿದೆ. ಸುತ್ತಲಿನ ಪವರ್‌ಲೂಮ್ ಮಗ್ಗಗಳ ಬಿಡಿಭಾಗ ಕಡೆಯುವುದು ಮುಖ್ಯ ಕೆಲಸ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಮುಗಿಸಿದ್ದರಿಂದ ನನಗೆ ಕನ್ನಡ ಅಕ್ಷರ ಬರುತ್ತದೆ.

ಮೊದಲು ಬಂದವರು ಒಬ್ಬ ಟೀಚರಮ್ಮ. ಕೊಯಮತ್ತೂರಿನಲ್ಲಿ ಮನೆ, ಪೊಳ್ಳಾಚಿ ಹತ್ತಿರದ ಕಾಲೇಜಿನಲ್ಲಿ ಪಾಠ. ದಿನಾ ಆ ರಸ್ತೆಯಲ್ಲಿ ಓಡಾಟ. ಭಾನುವಾರ ಬಂದರೆ ಅದೇ ಸಣ್ಣ ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ದು, ಚಕ್ರ ಬದಲಿಸಿ, ಗಡಿಯಾರ ಹಿಡಿದು ಓಡಿಸುತ್ತಿದ್ದರು. ಹೀಗೆ ಬಿಚ್ಚಿ ಬಿಚ್ಚಿ ಹಬ್‌ನ ಥ್ರೆಡ್ ಸವೆಯತೊಡಗಿತ್ತು. ನಮ್ಮ ಮನೆಯವಳು ಒಳಗಿನಿಂದ ನನ್ನನ್ನು ಕನ್ನಡದಲ್ಲಿ ಕೂಗಿದ್ದು ಕೇಳಿ ಅವರ ಮುಖ ಅರಳಿತು.

"ಅಯ್ಯೋ, ನೀವೂ ನಮ್ಮೋರಾ? ಇಷ್ಟೊತ್ತು ತಮಿಳಲ್ಲಿ ಒದ್ದಾಡಿದ್ನಲ್ಲಾ! ನೋಡಿ ಅಪ್ಪಾ, ಹೊರದೇಶದ್ದು ತರಿಸಿದ್ರೆ ಉದ್ದ ಸರಿಹೋಗಲ್ಲ. ನನ್ನ ಕಾರಿಗೆ ಅಳತೆ ತಗೊಂಡು ನೀವೇ ಮಾಡಿಕೊಡಿ."

ಅಳತೆಯಲ್ಲಿ ನಾನು ತಪ್ಪಲಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಎಲ್ಲಿ ತಪ್ಪಿದೆ ಎನ್ನುವುದು ಸ್ಪಷ್ಟವಾಗಲಿ ಎಂದು ಹೇಳುತ್ತಿದ್ದೇನೆ. ಹದಿನಾಲ್ಕು ಮಿಲಿಮೀಟರ್ ದಪ್ಪ, ಒಂದೂವರೆ ಪಿಚ್, ಅಂದರೆ ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ. ಹಬ್‌ನ ತೂತಿನ ಆಳ ಹದಿನಾರು. ಸ್ಟಡ್ ಅದಕ್ಕಿಂತ ಕಡಿಮೆ ಹೋದರೆ ಹಿಡಿತ ಸಾಲದು, ಹೆಚ್ಚು ಹೋಗಿ ಹಿಂಬದಿಯಲ್ಲಿ ಇಣುಕಿದರೆ ತಿರುಗುವಾಗ ಏನನ್ನಾದರೂ ಕೆರೆಯುತ್ತದೆ. ಬ್ರೇಕ್ ಡಿಸ್ಕಿನ ದಪ್ಪ, ಚಕ್ರದ ದಪ್ಪ, ಅದರ ಮೇಲೆ ನಟ್ಟು ಹತ್ತು ಸುತ್ತಾದರೂ ಹಿಡಿಯಬೇಕು. ಎಲ್ಲ ಕೂಡಿ ಐವತ್ತೆಂಟು. ನಟ್ಟಿನ ಬುಡವನ್ನೂ ನೋಡಬೇಕು: ಕೆಲವು ಚಕ್ರಗಳ ತೂತು ಗೋಲಿಯಂತೆ ದುಂಡಗೆ, ಕೆಲವು ಕೊಳವೆಯಂತೆ ಓರೆ. ದುಂಡಗಿನದಕ್ಕೆ ಓರೆ ನಟ್ಟು ಹಾಕಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಕೂತಿರುವುದು ಕೂದಲೆಳೆಯ ಅಂಚಿನ ಮೇಲೆ. ಒಳ್ಳೆಯ ಉಕ್ಕನ್ನು ತಂದು, ಹದ ಹಾಕಿಸಿ, ಥ್ರೆಡ್ಡನ್ನು ಕಡೆಯದೆ ಉರುಳಿಸಿ ಒತ್ತುವ ಯಂತ್ರದಲ್ಲಿ ಮಾಡಿಸಿದೆ. ಹೊಳಪಿನ ಲೇಪ ಬೇಡ ಎಂದೆ. ಅದೂ ಸರಿಯೇ. ಗಟ್ಟಿ ಉಕ್ಕಿಗೆ ಕೆಲವು ಲೇಪ ಹಾಕಿ ಆಮೇಲೆ ಸರಿಯಾಗಿ ಕಾಯಿಸದಿದ್ದರೆ ಒಳಗೊಳಗೇ ಬಿರುಕು ಬರುತ್ತದೆ.

ತಪ್ಪಿದ್ದು ಎಣ್ಣೆಯಲ್ಲಿ.

ನೇಕಾರರಾದ ನಮ್ಮ ಮನೆಗಳಲ್ಲಿ ಬೆಳಗ್ಗೆ ಮಗ್ಗದ ಸ್ವಿಚ್ ಹಾಕುವ ಮೊದಲು ಎಣ್ಣೆಕುಪ್ಪಿ ಹಿಡಿದು ಒಂದು ಸುತ್ತು ಹೋಗುತ್ತೇವೆ. ನನ್ನ ತಾಯಿ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಎಣ್ಣೆ ಬಿಟ್ಟ ಮೇಲೆಯೇ ಕಾಫಿ ಕುಡಿಯುತ್ತಿದ್ದಳು. ಒಣಗಿದ ಕಬ್ಬಿಣವನ್ನು ಕೈಗೆ ಕೊಡುವುದು ನಮ್ಮಲ್ಲಿ ಅಪಮಾನದ ಹಾಗೆ. ನಾನು ಶಾಪಿನಿಂದ ಏನನ್ನು ಕಳಿಸಿದರೂ ಎಣ್ಣೆಯಲ್ಲಿ ಅದ್ದಿ, ಕಾಗದದಲ್ಲಿ ಸುತ್ತಿ ಕಳಿಸುತ್ತೇನೆ. ಸ್ಟಡ್ಡುಗಳನ್ನೂ ಹಾಗೆಯೇ ಅದ್ದಿದೆ. ಜೋಡಿಸುವ ದಿನ ಎಣ್ಣೆಕುಪ್ಪಿಯನ್ನು ಜೊತೆಗೂ ಒಯ್ದೆ.

ಜೋಡಿಸಿದ್ದು ಪೊಳ್ಳಾಚಿ ರಸ್ತೆಯ ಒಂದು ಗ್ಯಾರೇಜಿನಲ್ಲಿ. ಅಲ್ಲಿನ ಫಿಟ್ಟರ್ ನಲವತ್ತರ ಆಸುಪಾಸಿನವನು, ಮಾತು ಕಡಿಮೆ, ಕೈ ಶುದ್ಧ. ಅವನದು ಕೊಂಗುನಾಡಿನ ತಮಿಳು. ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಹಬ್‌ನ ತೂತುಗಳನ್ನು ಬ್ರಷ್ ಹಾಕಿ ತೊಳೆದು ಒಣಗಿಸಿದ. ಸ್ಟಡ್ ಮತ್ತೆ ಸಡಿಲವಾಗದಂತೆ ಹಿಡಿಯುವ ಕೆಂಪು ಅಂಟಿನ ಸೀಸೆ ತಂದ. ನನ್ನ ಪೊಟ್ಟಣ ಬಿಚ್ಚಿದವನು ಬೆರಳು ಉಜ್ಜಿ ನೋಡಿದ.

"ಐಯಾ, ಎಣ್ಣೆ ಇದೆಯಲ್ಲಾ? ಥ್ರೆಡ್ ಒಣಗಿರಬೇಕು ಅಂತ ಸೀಸೆ ಮೇಲೆ ಹಾಕಿದಾನೆ. ಪೆಟ್ರೋಲಲ್ಲಿ ಒಂದು ಸಲ ತೊಳೆದುಬಿಡ್ಲಾ?"

"ಸೀಸೆ ಮೇಲೆ ಬರೆದೋನು ಮಗ್ಗ ನೋಡಿದಾನಾ? ನೀನು ಹುಟ್ಟೋ ಮುಂಚಿಂದ ಕಬ್ಬಿಣ ಮುಟ್ತಾ ಇದೀನಿ ಕಣಪ್ಪಾ. ತೊಳೆದ್ರೆ ನಾಳೆ ತುಕ್ಕು. ಹಾಗೇ ಹಾಕು."

"ಸರೀಂಗೈಯಾ," ಎಂದ. ವಯಸ್ಸಾದವರ ಮಾತಿಗೆ ಎದುರಾಡದ ಮನುಷ್ಯ. ನಟ್ಟುಗಳಿಗೂ ನಾನೇ ಒಂದೊಂದು ತೊಟ್ಟು ಬಿಟ್ಟೆ.

ಅವನು ಚಕ್ರ ಹಾಕಿ ಟಾರ್ಕ್ ರೆಂಚಿನಲ್ಲಿ ನೂರಿಪ್ಪತ್ತು ನ್ಯೂಟನ್ ಮೀಟರಿಗೆ ಬಿಗಿದ. ಇಷ್ಟು ಬಲಕ್ಕೆ ಎಂದು ಮೊದಲೇ ಹೊಂದಿಸಿಟ್ಟರೆ ಆ ಬಲ ಮುಟ್ಟಿದಾಗ ಟಕ್ ಎನ್ನುವ ಸಲಕರಣೆ ಅದು. ಆಮೇಲೆ ಒಂದೊಂದು ಸ್ಟಡ್ಡಿನ ತುದಿಯಿಂದ ನಟ್ಟಿನ ಅಂಚಿನವರೆಗೆ ಹಳದಿ ಬಣ್ಣದ ಸಣ್ಣ ಗೆರೆ ಎಳೆದ. ಬಿಗಿದಾಯಿತು ಎಂಬುದಕ್ಕೆ ಅದೇ ಗುರುತು, ಮುಂದೆ ನಟ್ಟು ಎಲ್ಲಾದರೂ ತಿರುಗಿದ್ದರೆ ಗೆರೆ ಮುರಿದು ಕಾಣುತ್ತದೆ. ಟೀಚರಮ್ಮ ಟ್ರ್ಯಾಕಿನಿಂದ ಬಂದು ಚಕ್ರ ಹಾಕಿಸಿಕೊಂಡಾಗಲೆಲ್ಲ ಹೊಸ ಗೆರೆ ಎಳೆಯುತ್ತಿದ್ದ. ನೂರು ಕಿಲೋಮೀಟರ್ ಓಡಿಸಿ ಬರಲು ಹೇಳಿ ಮತ್ತೆ ಬಿಗಿ ನೋಡಿದ. ಟೀಚರಮ್ಮ ಖುಷಿಯಿಂದ ಟ್ರ್ಯಾಕಿನ ಗೆಳೆಯರಿಗೆ ಹೇಳಿದರು. ಇನ್ನೂ ನಾಲ್ಕು ಕಾರುಗಳಿಗೆ ನಾನು ಸ್ಟಡ್ ಮಾಡಿದೆ, ಅವನು ಹಾಕಿದ. ಎಲ್ಲಕ್ಕೂ ಎಣ್ಣೆ.

ಎರಡು ತಿಂಗಳಾದ ಮೇಲೆ ಅವನಿಂದ ಫೋನ್ ಬಂತು. "ಐಯಾ, ಟೀಚರಮ್ಮನ ಚಕ್ರ ಬಿಚ್ಚಿದಾಗ ಮೂರು ಸ್ಟಡ್ಡು ನಟ್ಟಿನ ಜೊತೇಲೇ ಹೊರಗೆ ಬಂತು. ಅಂಟು ಹಿಡಿದೇ ಇಲ್ಲ ಅನಿಸ್ತದೆ."

ಮಗ್ಗದ ಒಂದು ಅರ್ಜೆಂಟ್ ಕೆಲಸ ಲೇತಿನಲ್ಲಿತ್ತು. "ಅಷ್ಟಕ್ಕೇ ಫೋನಾ? ಒಳಗೆ ತಿರುಗಿಸಿ ಇನ್ನೊಂದು ಚೂರು ಬಿಗಿ ಮಾಡು," ಎಂದು ಇಟ್ಟುಬಿಟ್ಟೆ.

ಇನ್ನೆರಡು ತಿಂಗಳಿಗೆ, ಸಂತೆಯ ದಿನ, ಟೀಚರಮ್ಮ ಕಾಲೇಜಿನಿಂದ ಹಿಂತಿರುಗುವಾಗ ಎಡಗಡೆ ಮುಂದಿನ ಚಕ್ರ ಕಳಚಿಕೊಂಡಿತು. ಚಕ್ರ ಕಾರಿಗಿಂತ ಮುಂದೆ ಓಡಿ, ದನ ಹೊಡೆದುಕೊಂಡು ಹೋಗುತ್ತಿದ್ದವರ ನಡುವೆ ನುಗ್ಗಿ, ತೆಂಗಿನ ತೋಪಿನೊಳಗೆ ಬಿತ್ತಂತೆ. ಯಾರಿಗೂ ತಗಲಲಿಲ್ಲ. ಕಾರು ಕಬ್ಬಿಣ ಕೆರೆಯುತ್ತ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಸ್ಟೀರಿಂಗ್ ತಿರುಗಿದ ರಭಸಕ್ಕೆ ಅವರ ಎಡಗೈ ಮಣಿಕಟ್ಟು ಮುರಿಯಿತು.

ಮರುದಿನ ಗ್ಯಾರೇಜಿನ ಯಜಮಾನರು ನನ್ನನ್ನು ಕರೆಸಿದರು. ಎರಡು ಸ್ಟಡ್ಡು ಹಬ್‌ನಲ್ಲೇ ಮುರಿದಿದ್ದವು. ಒಂದು ಸಿಕ್ಕಿರಲಿಲ್ಲ. ಇನ್ನೆರಡು ನಟ್ಟಿನ ಸಮೇತ ಚಕ್ರದ ತೂತಿನಲ್ಲೇ ಕಚ್ಚಿಕೊಂಡಿದ್ದವು. "ಶಾಪಿಗೆ ಒಯ್ದು ನೋಡಿ ಹೇಳ್ತೀನಿ," ಎಂದು ಆ ಎರಡನ್ನೂ ತಂದೆ.

ಲೇತಿನ ದೀಪದ ಕೆಳಗೆ ಹಿಡಿದಾಗ ಎಲ್ಲ ಕಣ್ಣಿಗೆ ಬಿತ್ತು. ಸ್ಟಡ್ಡಿನ ತುದಿಯಿಂದ ನಟ್ಟಿನ ಮೇಲೆ ಎಳೆದ ಹಳದಿ ಗೆರೆ ಎರಡರಲ್ಲೂ ಒಂದಿಷ್ಟೂ ಮುರಿದಿರಲಿಲ್ಲ. ಅಂದರೆ ನಟ್ಟು ಸಡಿಲವಾಗಿಯೇ ಇಲ್ಲ. ಸ್ಟಡ್ಡೇ ಹಬ್‌ನಿಂದ ತಿರುಗಿ ಹೊರಬಂದಿದೆ. ಒಳತುದಿಯ ಥ್ರೆಡ್ಡಿನಲ್ಲಿ ಕೆಂಪು ಅಂಟು ನಾಲ್ಕು ತಿಂಗಳಾದರೂ ಗಟ್ಟಿಯಾಗದೆ, ಬೆಲ್ಲದ ಪಾಕದ ಹಾಗೆ ಬೆರಳಿಗೆ ನೂಲು ಬರುತ್ತಿತ್ತು. ಎಣ್ಣೆಯ ಮೇಲೆ ಅಂಟು ಹಿಡಿದಿರಲಿಲ್ಲ.

ಆಮೇಲೆ ಹಳೆ ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ ಅಂಟನ್ನು ಒರೆಸಿದೆ. ಹಳದಿ ಗೆರೆಯನ್ನೂ ಒರೆಸಿದೆ. ಬಣ್ಣ ಥ್ರೆಡ್ಡಿನ ಸಂದಿಯಲ್ಲಿ ಕೂತಿತ್ತು. ಸೂಜಿಮೊನೆಯಿಂದ ಕೆರೆದು ತೆಗೆದೆ.

ಮನೆಯವಳು ಕಾಫಿ ತಂದವಳು ಬಾಗಿಲಲ್ಲೇ ನಿಂತಳು. "ಏನ್ ಅಷ್ಟು ಉಜ್ಜ್ತಾ ಇದೀರಾ? ಪೂಜೆಗೆ ಇಡ್ತೀರಾ ಅದನ್ನ?"

"ಸುಮ್ನೆ ಹೋಗೇ," ಎಂದೆ.

ಸಂಜೆ ಗ್ಯಾರೇಜಿಗೆ ಹೋಗಿ ಆ ಎರಡು ಜೋಡಿಗಳನ್ನು ಮೇಜಿನ ಮೇಲಿಟ್ಟೆ. "ಉಕ್ಕಿನಲ್ಲಿ ದೋಷ ಇಲ್ಲ. ಬಿಗಿ ಸಾಲದೆ ಅಲ್ಲಾಡಿ ಅಲ್ಲಾಡಿ ಬಂದಿದೆ," ಎಂದೆ. ಯಜಮಾನರು ಅದನ್ನು ಎತ್ತಿ ಸುತ್ತಲೂ ನೋಡಿ ಫಿಟ್ಟರ್ ಕಡೆಗೆ ಚಾಚಿದರು.

"ಗೆರೆ ಎಲ್ಲಿ?"

"ಹಾಕಿದ್ದೆ ಮೊದಲಾಳಿ," ಎಂದ ಯಜಮಾನರಿಗೆ.

"ಮೂರು ಚಕ್ರದಲ್ಲಿ ಇದೆ. ಇದರಲ್ಲಿ ತೋರಿಸು."

ಅವನು ತೆಗೆದುಕೊಂಡು ತಿರುಗಿಸಿದ. ಬೆಳಕಿಗೆ ಹಿಡಿದ. ಉಗುರಿನಿಂದ ಕೆರೆದ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ. ಎಣ್ಣೆಯ ಮಾತನ್ನು ಅವನು ಎತ್ತುತ್ತಾನೆಂದು ಕಾದೆ, ಎತ್ತಿದರೆ ಏನು ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದೆ. ಅವನು ಎತ್ತಲಿಲ್ಲ. "ಇಲ್ಲೀಂಗ," ಎಂದಷ್ಟೇ ಹೇಳಿ ಕೆಳಗಿಟ್ಟ. ಮರುದಿನದಿಂದ ಅವನು ಕೆಲಸಕ್ಕೆ ಬರುವುದು ಬೇಡವೆಂದಾಯಿತು.

ಉಳಿದ ನಾಲ್ಕು ಕಾರುಗಳ ಬಗ್ಗೆ ನಾನು ನನಗೇ ಒಂದು ಸುಳ್ಳು ಹೇಳಿಕೊಂಡೆ. ಟೀಚರಮ್ಮನಷ್ಟು ಸಲ ಅವರು ಚಕ್ರ ಬಿಚ್ಚುವುದಿಲ್ಲ, ಏನೂ ಆಗುವುದಿಲ್ಲ ಎಂದು.

ಮೂರು ವಾರ ಕಳೆಯಿತು. ಪೊಳ್ಳಾಚಿಯ ಬೆಲ್ಲದ ಮಂಡಿಯವರ ಒಂದು ಗಾಣದ ಕೆಲಸ ನೋಡಲು ಹೋಗಬೇಕಾಗಿ ಕೊಯಮತ್ತೂರಿನ ಉಕ್ಕಡಂನಲ್ಲಿ ಬಸ್ ಬದಲಿಸಲು ಇಳಿದೆ. ಮೀನು ಮಾರುಕಟ್ಟೆಯ ಕಡೆಯಿಂದ ಐಸ್ ಪೆಟ್ಟಿಗೆ ಹೊತ್ತು ಬರುತ್ತಿದ್ದವನು ನನ್ನನ್ನು ಕಂಡು ನಿಂತ. ಅದೇ ಫಿಟ್ಟರ್. ಪೆಟ್ಟಿಗೆ ಇಳಿಸಿ, ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ನಮಸ್ಕಾರ ಮಾಡಿದ.

"ಚೆನ್ನಾಗಿದೀರಾ ಐಯಾ?"

"ಬೇರೆ ಗ್ಯಾರೇಜ್ ನೋಡ್ಲಿಲ್ವಾ?" ಎಂದೆ, ಏನಾದರೂ ಕೇಳಬೇಕಲ್ಲ.

"ಕರೆದ್ರು. ನಾನೇ ಹೋಗಿಲ್ಲ." ಪೆಟ್ಟಿಗೆಯ ಮುಚ್ಚಳ ಸರಿಮಾಡಿ ಹೇಳಿದ: "ನಿಮ್ಮ ಹತ್ರ ಹೇಳಬಹುದು. ಆ ಗೆರೆ ಎಳೆದಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಬ್ರಷ್ ಹಿಡಿದಿದ್ದು, ಬಣ್ಣ ಒಂಚೂರು ಹೆಬ್ಬೆಟ್ಟಿಗೆ ಹತ್ತಿದ್ದು ಕೂಡ. ಆದ್ರೆ ಪೀಸ್ ಮೇಲೆ ಇಲ್ಲ. ಪೀಸ್ ಸುಳ್ಳು ಹೇಳತ್ತಾ? ಅಂದ್ರೆ ನನ್ನ ತಲೇಲೇ ಏನೋ ಕೆಟ್ಟಿದೆ ಐಯಾ. ಮನೇಲಿ ಗ್ಯಾಸ್ ಆಫ್ ಮಾಡಿ ಬಂದು ಕೂತು, ಮೂರು ಸಲ ಎದ್ದು ಹೋಗಿ ನೋಡ್ತೀನಿ. ಹೆಂಡತಿ ನಗ್ತಾಳೆ. ಇಂಥ ಕೈಯಲ್ಲಿ ಯಾರ ಚಕ್ರ ಬಿಗೀಲಿ? ಇಲ್ಲಿ ಐಸ್ ಹೊರೋದ್ರಲ್ಲಿ ಯಾರೂ ಸಾಯಲ್ಲ."

ನಾನು ಬಸ್ಸು ಬರುವ ದಿಕ್ಕು ನೋಡಿದೆ.

"ಇನ್ನೊಂದು. ಬೇರೆ ನಾಲ್ಕು ಕಾರಿಗೂ ನಾನೇ ಹಾಕಿದ್ದಲ್ಲಾ? ಅವರಿಗೆ ನಾನು ಫೋನ್ ಮಾಡಿದ್ರೆ ಎತ್ತಲ್ಲ. ನೀವು ಹೇಳಿ ಐಯಾ, ಒಳ್ಳೇ ಫಿಟ್ಟರ್ ಹತ್ರ ನೋಡಿಸಿಕೊಳ್ಳಲಿ. ಆ ಯೋಚನೇಲೇ ಇದೀನಿ ದಿನಾ."

ಪೊಳ್ಳಾಚಿ ಬಸ್ಸು ಬಂತು. ಹತ್ತಿಬಿಟ್ಟೆ. ಬಸ್ಸು ಕೆರೆಯ ಏರಿಯ ಪಕ್ಕಕ್ಕೆ ಬರುವಷ್ಟರಲ್ಲಿ ನನಗೆ ಒಂದೇ ವಿಷಯ ಮತ್ತೆ ಮತ್ತೆ ಎದೆಗೆ ಬಡಿಯುತ್ತಿತ್ತು. ತಪ್ಪು ಮಾಡದವನು ಆ ನಾಲ್ಕು ಕಾರುಗಳಿಗಾಗಿ ದಿನಾ ಹೆದರುತ್ತಿದ್ದಾನೆ. ತಪ್ಪು ಮಾಡಿದ ನಾನು ಗಾಣ ನೋಡಲು ಹೊರಟಿದ್ದೇನೆ. ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಿನಲ್ಲಿ ವಾಪಸ್ ನಡೆದೆ. ಹತ್ತು ಹನ್ನೆರಡು ನಿಮಿಷದ ದಾರಿ. ನಡುವೆ ಎರಡು ಸಲ ನಿಂತೆ.

ಅವನು ಮಾರುಕಟ್ಟೆಯ ಹಿಂದೆ ಐಸ್ ಕುಟ್ಟುತ್ತಿದ್ದ. "ಗೆರೆ ಇತ್ತು," ಎಂದೆ. "ಎರಡರಲ್ಲೂ ಇತ್ತು. ನಾನು ಒರೆಸಿದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅಂಟು ಪಾಕದ ಹಾಗೆ ಇದ್ದದ್ದು, ಎಣ್ಣೆ, ನನ್ನ ಹೆದರಿಕೆ, ಎಲ್ಲ ಹೇಳಿದೆ. ಸುತ್ತಿಗೆಯನ್ನು ಐಸಿನ ಮೇಲಿಟ್ಟು ತನ್ನ ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ನೋಡಿಕೊಂಡ.

"ಏನ್ರಲ್ಲಿ ಒರೆಸಿದ್ರಿ?"

"ಪೆಟ್ರೋಲಲ್ಲಿ. ಸಂದೀಲಿ ಇದ್ದಿದ್ದನ್ನ ಸೂಜೀಲಿ ತೆಗೆದೆ."

"ಸೂಜೀಲಿ," ಎಂದ. ಪಕ್ಕದಲ್ಲಿದ್ದ ಮೀನಿನವಳು ನನ್ನ ಮುಖ ನೋಡಿ, "ಪೆರಿಯವರಿಗೆ ತಣ್ಣೀರು ಕೊಡಪ್ಪಾ, ಬಿದ್ದೋಗ್ತಾರೆ," ಎಂದಳು. ಅವನು ಕೊಡಲಿಲ್ಲ. ಐಸಿನ ಮೇಲೆ ಗೋಣಿ ಮುಚ್ಚಿ ಎದ್ದ.

"ಮೊದಲು ನಾಲ್ಕು ಕಾರು. ನಿಮ್ಮನ್ನ ಬೈಯೋದು ಆಮೇಲೆ. ನಡೀರಿ."

ಅಲ್ಲಿಂದ ಇಬ್ಬರೂ ಗ್ಯಾರೇಜಿಗೆ ಹೋದೆವು. ಯಜಮಾನರ ಎದುರು, ಕೆಲಸದವರೆಲ್ಲ ನಿಂತಿರುವಾಗ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ಫಿಟ್ಟರ್‌ನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದರು. ಆಮೇಲೆ ಟೀಚರಮ್ಮನ ಮನೆ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದರು. ಕೇಳಿ ಮುಗಿಸಿ, "ಎಣ್ಣೆ ಹಾಕಿದ್ದು ಗೊತ್ತಿಲ್ದೆ. ಒರೆಸಿದ್ದು ಗೊತ್ತಿದ್ದು. ನಮ್ಮೋರು ಅಂತ ನಾನು ಅಳತೆ ಕೂಡ ಇನ್ನೊಬ್ಬರ ಹತ್ರ ತೋರಿಸ್ಲಿಲ್ಲ ಅಪ್ಪಾ," ಎಂದರು. ನಾನು ಕೈಕಟ್ಟಿ ನಿಂತಿದ್ದೆ. ಅವರು ಬಲಗೈಯಲ್ಲಿ ಫೋನ್ ಎತ್ತಿಕೊಂಡು ಒಬ್ಬೊಬ್ಬರಿಗೇ ಕರೆ ಮಾಡತೊಡಗಿದರು. "ಕಾರು ಓಡಿಸಬೇಡಿ. ಇದ್ದಲ್ಲೇ ಇರಲಿ. ಫಿಟ್ಟರ್ ಬರ್ತಾರೆ."

ಮೂರು ಕಾರು ಕೊಯಮತ್ತೂರಿನಲ್ಲೇ ಇದ್ದವು. ಎರಡು ದಿನದಲ್ಲಿ ಮೂರನ್ನೂ ಬಿಚ್ಚಿದೆವು. ಅರುವತ್ತು ಸ್ಟಡ್ಡಿನಲ್ಲಿ ಅರ್ಧಕ್ಕರ್ಧ ಕೈಯಲ್ಲೇ ತಿರುಗಿ ಬಂದವು. ಅವನು ಒಂದು ಹೊಸ ನಟ್ಟನ್ನು ಪ್ರತಿ ಸ್ಟಡ್ಡಿನ ಉದ್ದಕ್ಕೂ ಬೆರಳಿನಿಂದ ಓಡಿಸಿ ನೋಡಿದ. ಕೆಲವುಗಳಲ್ಲಿ ನಟ್ಟು ನಡುವೆ ಸಿಕ್ಕಿಕೊಂಡಿತು.

"ಇದು ಎಳೆದುಹೋಗಿದೆ ಐಯಾ. ಥ್ರೆಡ್ಡಿಗೆ ಎಣ್ಣೆ ಇದ್ರೆ ಉಜ್ಜಾಟ ಕಮ್ಮಿ. ರೆಂಚು ನೂರಿಪ್ಪತ್ತಕ್ಕೆ ಟಕ್ ಅನ್ನೋ ಹೊತ್ತಿಗೆ ಒಳಗೆ ಎಷ್ಟೋ ಜಾಸ್ತಿ ಎಳೆತ ಬಿದ್ದಿರತ್ತೆ."

ಎಣ್ಣೆ ಎರಡು ಕಡೆಯಿಂದ ಕೆಡಿಸಿತ್ತು ಎಂದು ಆಗ ತಿಳಿಯಿತು. ಆದರೂ ನನ್ನ ಕಣ್ಣಲ್ಲೇ ನೋಡಬೇಕೆಂದು, ಒಂದು ಹಳೆಯ ಹಬ್ಬನ್ನು ವೈಸಿನಲ್ಲಿ ಹಿಡಿದು ಎರಡು ಸ್ಟಡ್ ಹಾಕಿದೆವು. ಒಂದನ್ನು ನನ್ನ ರೀತಿ ಎಣ್ಣೆಯಲ್ಲಿ, ಒಂದನ್ನು ಅವನ ರೀತಿ ತೊಳೆದು ಒಣಗಿಸಿ. ಎರಡಕ್ಕೂ ಅದೇ ಅಂಟು. ಒಂದು ದಿನ ಬಿಟ್ಟು ಬಿಚ್ಚಿದೆವು. ಎಣ್ಣೆಯದು ತುದಿಯ ಆರುಮೂಲೆ ತೂತಿಗೆ ಅಲನ್ ಕೀ ಹಾಕಿ ಎರಡು ಬೆರಳಲ್ಲಿ ತಿರುಗಿಸಿದರೆ ಬಂತು. ಒಣಗಿದ್ದಕ್ಕೆ ನಾನು ಕೀಗೆ ಪೈಪ್ ಸಿಕ್ಕಿಸಿ ತೂಗಿಕೊಂಡರೂ ಜಗ್ಗಲಿಲ್ಲ.

"ಇನ್ನೂ ಜೋರಾಗಿ ತೂಗಿ ಐಯಾ. ನಾನು ಹುಟ್ಟೋ ಮುಂಚಿಂದ ಕಬ್ಬಿಣ ಮುಟ್ಟಿದೀರಲ್ಲಾ," ಎಂದ. ಮುಖದಲ್ಲಿ ನಗು ಇರಲಿಲ್ಲ.

ತೆಗೆದ ಸ್ಟಡ್ಡುಗಳನ್ನು ಯಾರೂ ಮತ್ತೆ ಬಳಸದಂತೆ ಒಂದೊಂದನ್ನೂ ಎರಡು ತುಂಡು ಮಾಡಿದೆ. ಹೊಸದನ್ನು ಮಾಡಿಸಿದೆ. ಹಬ್‌ನ ತೂತು, ಸ್ಟಡ್ಡು ಎರಡನ್ನೂ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಯಲ್ಲಿ ಕಲೆ ಕಾಣದಾಗುವವರೆಗೆ ಮತ್ತೆ ತೊಳೆಯುವುದು. ಅಂಟು ಹಚ್ಚಿ ಸ್ಟಡ್ಡನ್ನು ಮೆಲ್ಲಗೆ, ಇಪ್ಪತ್ತರ ಆಸುಪಾಸಿನ ಬಲಕ್ಕೆ ಮಾತ್ರ ಕೂರಿಸುವುದು. ಅದನ್ನು ಜಜ್ಜಿ ಬಿಗಿಯಬೇಕಿಲ್ಲ, ಚಕ್ರವನ್ನು ಹಿಡಿಯುವುದು ನಟ್ಟಿನ ಬಿಗಿ. ಒಂದು ಇಡೀ ದಿನ ಕಾರನ್ನು ಮುಟ್ಟದೆ ಬಿಡುವುದು. ಆಮೇಲೆ ಒಣ ನಟ್ಟು, ನಕ್ಷತ್ರದ ಕ್ರಮದಲ್ಲಿ ಎದುರುಬದುರಾಗಿ ಬಿಗಿ. ಐವತ್ತು ಕಿಲೋಮೀಟರಿಗೊಮ್ಮೆ, ನೂರಕ್ಕೊಮ್ಮೆ ಪರೀಕ್ಷೆ. ಯಾವಾಗಲಾದರೂ ನಟ್ಟಿನ ಜೊತೆ ಸ್ಟಡ್ ಹೊರಗೆ ಬಂದರೆ ಅದನ್ನೇ ಒಳಗೆ ತಳ್ಳಬಾರದು. ನಿಲ್ಲಿಸಿ, ಕಾರಣ ಹುಡುಕಿ, ಹೊಸದನ್ನು ಹಾಕಬೇಕು. ಟ್ರ್ಯಾಕಿನಲ್ಲಿ ಓಡುವ ಕಾರಿಗೆ ವರ್ಷಕ್ಕೊಮ್ಮೆ ಇಡೀ ಸೆಟ್ ಬದಲಾಗಬೇಕು, ಚೆನ್ನಾಗಿ ಕಂಡರೂ. ಇವುಗಳಲ್ಲಿ ಯಾವುದೂ ನಾನು ಕಂಡುಹಿಡಿದದ್ದಲ್ಲ. ಹೆಚ್ಚಿನದನ್ನೆಲ್ಲ ಅವನು ಮೊದಲ ದಿನವೇ ಮಾಡಲು ಹೊರಟಿದ್ದ.

ನಾಲ್ಕನೆಯ ಕಾರು ಕೈತಪ್ಪಿತ್ತು. ಅದರ ಮೊದಲ ಯಜಮಾನರು ಮಾರಿಬಿಟ್ಟಿದ್ದರು. ಕೊಂಡವರು ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗಳಿಗೆ ಲೇಬಲ್ ಹೊಲಿಸಿಕೊಡುವವರು, ಟೀಚರಮ್ಮ ಹೇಳಿದ್ದನ್ನು ಕೇಳಿ, "ಯಾರೋ ಏಮಾರಿಸ್ತಾ ಇದಾರೆ," ಎಂದು ಫೋನ್ ಇಟ್ಟಿದ್ದರು. ಆ ಫೋನಿನ ಮಾರನೆಯ ಬೆಳಗ್ಗೆಯೇ, ಉಳಿದ ಮೂರಕ್ಕೂ ಮೊದಲು, ತಿರುಪ್ಪೂರಿಗೆ ಮೊದಲ ಬಸ್ಸಿಗೇ ಹೊರಟೆವು. ಫಿಟ್ಟರ್ ಕೈಯಲ್ಲಿ ರೆಂಚು, ಜಾಕು. ನನ್ನ ಚೀಲದಲ್ಲಿ ಆ ಕಾರಿಗೆ ಹೊಂದುವ ಇಪ್ಪತ್ತು ಬೋಲ್ಟು.

ನಾವು ಹೋದಾಗ ಕಾರು ಬಾಗಿಲಲ್ಲಿ ಸ್ಟಾರ್ಟ್ ಆಗಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವರ ತಾಯಿ ಇಡ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವಾಲ್ಪಾರೈಗೆ, ಘಾಟಿಯ ಆ ಸುತ್ತು ದಾರಿಗೆ, ಆ ತಾಯಿಯ ತಂಗಿಯ ಮನೆಗೆ ಹೊರಟವರು.

ನಾನು ಕಾರಿನ ಎದುರಿಗೆ ಹೋಗಿ ನಿಂತೆ.

"ಏನ್ರೀ ಇದು? ಬೆಳಗಾಗೆದ್ದು ಬಂದು ಕಾರಿನ ಚಕ್ರ ಬಿಚ್ತೀನಿ ಅಂತೀರಾ? ಕಳ್ಳರೂ ಇಷ್ಟು ಮರ್ಯಾದೆಯಿಂದ ಕೇಳಲ್ಲ," ಎಂದರು ಅವರು.

"ನಾನು ಮಾಡಿದ ಸ್ಟಡ್ಡು ಇದರಲ್ಲಿದೆ. ತಪ್ಪಾಗಿ ಮಾಡಿದೀನಿ. ಇದೇ ತಪ್ಪಿಗೆ ಒಬ್ಬರ ಕೈ ಮುರಿದಿದೆ. ಒಂದು ಚಕ್ರ ಬಿಚ್ಚಿ ತೋರಿಸ್ತೀವಿ. ಸರಿ ಇದ್ರೆ ನನ್ನನ್ನ ಪೊಲೀಸಿಗೆ ಕೊಡಿ."

"ಸರಿ ಇಲ್ದೇ ಇದ್ರೆ?"

"ಆಗಲೂ ಕೊಡಿ."

ಹಿಂದಿನಿಂದ ಮುದುಕಿ ಕೂಗಿದರು. "ಏಯ್, ಬಿಚ್ಚಿ ನೋಡ್ಲಿ ಬಿಡೋ. ನಿಮ್ಮ ಚಿತ್ತಿ ಎಲ್ಲೂ ಓಡಿಹೋಗಲ್ಲ."

ಫಿಟ್ಟರ್ ಎಡಗಡೆ ಹಿಂದಿನ ಚಕ್ರಕ್ಕೆ ಜಾಕ್ ಕೊಟ್ಟ. ಮೊದಲನೆಯ ನಟ್ಟನ್ನು ರೆಂಚಿನಿಂದ ಸಡಿಲಿಸಿ, ಆಮೇಲೆ ಕೈಯಲ್ಲೇ ತಿರುಗಿಸಿದ. ನಟ್ಟೂ ಸ್ಟಡ್ಡೂ ಒಂದಾಗಿ ಅವನ ಅಂಗೈಗೆ ಬಂತು. ಎರಡನೆಯದೂ ಹಾಗೆಯೇ. ಮೂರನೆಯದು ಆಗಲೇ ಎರಡು ಸುತ್ತು ಹೊರಗಿತ್ತು. ಅವನ್ನು ಕಾರಿನವರ ಕೈಗೆ ಕೊಟ್ಟ. ಅವರು ಇಂಜಿನ್ ಆರಿಸಿದರು.

ಇಪ್ಪತ್ತನ್ನೂ ತೆಗೆದು, ಬೋಲ್ಟು ಹಾಕಿ, ಬಿಗಿ ನೋಡಿ ಮುಗಿಸುವಾಗ ಹೊತ್ತು ಏರಿತ್ತು. ಮತ್ತೆ ಹೊಸ ಸ್ಟಡ್ ಬೇಕೇ ಎಂದು ಕೇಳಿದೆ. "ನಾನೇನು ರೇಸಾ ಓಡ್ತೀನಿ? ಬೋಲ್ಟೇ ಇರ್ಲಿ," ಎಂದರು. ಸರಿಯಾದ ಮಾತು. ಚಕ್ರ ಬದಲಿಸದವರಿಗೆ ಇದು ಬೇಕಿಲ್ಲ. ಮೊದಲು ಇದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಮುದುಕಿ ಕಿಟಕಿಯಿಂದ ಕೇಳಿದರು, "ತಪ್ಪು ಮಾಡಿದ್ದು ನಿಮ್ಮಿಬ್ಬರಲ್ಲಿ ಯಾರು?"

"ನಾನಮ್ಮಾ."

ಅವರು ಡಬ್ಬಿ ತೆರೆದು ನಾಲ್ಕು ಇಡ್ಲಿಯನ್ನು ಮುಚ್ಚಳದ ಮೇಲಿಟ್ಟು ಫಿಟ್ಟರ್‌ಗೆ ಕೊಟ್ಟರು. ನನ್ನ ಕಡೆ ನೋಡಲಿಲ್ಲ. ಅವನು ಚರಂಡಿಯ ಕಟ್ಟೆಯ ಮೇಲೆ ಕೂತು ನಾಲ್ಕನ್ನೂ ತಿಂದು, ಮುಚ್ಚಳ ತೊಳೆದು ಕೊಟ್ಟ.

ಟೀಚರಮ್ಮನ ಕಾರು ಕೊನೆಗೆ ಉಳಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರೇ ಫೋನ್ ಮಾಡಿದರು. ಬೋಲ್ಟಿಗೆ ವಾಪಸ್ ಹೋಗುತ್ತಾರೆಂದುಕೊಂಡಿದ್ದೆ. "ಸ್ಟಡ್ಡೇ ಹಾಕಿ. ಈ ಸಲ ಒಣಗಿಸಿ ಕೊಡಿ. ಆದ್ರೆ ಎಲ್ಲ ಫಿಟ್ಟರ್ ಹೇಳಿದ ಹಾಗೆ." ಅವನು ಆ ಹೊತ್ತಿಗೆ ಗ್ಯಾರೇಜಿಗೆ ಮರಳಿದ್ದ. ನನ್ನ ಪೊಟ್ಟಣ ಬಿಚ್ಚಿ ಇಪ್ಪತ್ತು ಸ್ಟಡ್ಡುಗಳನ್ನೂ ಮೂಸಿ ನೋಡಿದ. ಆಮೇಲೆ, ನಾನು ತೊಳೆದು ತಂದಿದ್ದರೂ, ಮತ್ತೆ ತೊಳೆದ. ಹಾಕಿ ಒಂದು ದಿನ ಬಿಟ್ಟ. ಮರುದಿನ ಮಧ್ಯಾಹ್ನ ಚಕ್ರ ಬಿಗಿದು, ಎಡಗಡೆ ಮುಂದಿನ ಬಾಗಿಲು ತೆರೆದು ಹಿಡಿದ.

"ಹತ್ತಿ."

"ನಾನ್ಯಾಕಪ್ಪಾ?"

"ಕಾಲೇಜಿನ ತನಕ ನಲವತ್ತು ಕಿಲೋಮೀಟರ್. ಹೊಸ ಸ್ಟಡ್ಡಿನ ಮೇಲೆ ಮೊದಲು ಕೂತ್ಕೋಬೇಕಾದವರು ಟೀಚರಮ್ಮ ಅಲ್ಲ. ಮಾಡಿದವರು, ಬಿಗಿದವರು."

ಹತ್ತಿದೆ. ಅವನು ಓಡಿಸಿದ. ಎಂಬತ್ತರಲ್ಲಿ ಒಂದೇ ಸಮ. ನನ್ನ ಕಾಲ ಕೆಳಗೇ ಆ ಚಕ್ರ. ಪ್ರತಿ ಹಳ್ಳಕ್ಕೂ ಕಿವಿ ಅಲ್ಲಿಗೇ ಹೋಗುತ್ತಿತ್ತು. ಎದುರಿನಿಂದ ಬಸ್ಸು ಬಂದಾಗಲೆಲ್ಲ ಬಾಗಿಲ ಹಿಡಿ ಒತ್ತಿ ಹಿಡಿದೆ. ನನ್ನಿಂದಾಗಿ ಐದು ಕಾರಿನವರು ತಿಂಗಳುಗಟ್ಟಲೆ ಹೀಗೆ ಕೂತಿದ್ದರು, ಹಿಡಿ ಹಿಡಿಯಬೇಕೆಂದೂ ತಿಳಿಯದೆ. ಕಿಣತ್ತುಕಡವು ದಾಟಿದ ಮೇಲೆ, "ನನ್ನನ್ನ ಕ್ಷಮಿಸಪ್ಪಾ," ಎಂದೆ. ಅವನು ರಸ್ತೆಯಿಂದ ಕಣ್ಣು ತೆಗೆಯದೆ, "ಅದು ಇವತ್ತಿಗೆ ಆಗಲ್ಲ ಐಯಾ. ನೋಡೋಣ," ಎಂದ.

ಕಾಲೇಜಿನ ಗೇಟಿನಲ್ಲಿ ಟೀಚರಮ್ಮ ಚೀಲ ಹಿಡಿದು ನಿಂತಿದ್ದರು. ಅವನು ಇಳಿದು ಇಪ್ಪತ್ತು ನಟ್ಟುಗಳಿಗೂ ರೆಂಚು ಹಾಕಿದ. ಇಪ್ಪತ್ತು ಸಲ ಟಕ್, ಒಂದೂ ತಿರುಗಲಿಲ್ಲ. ಕೀಲಿಯನ್ನು ಅವರ ಕೈಗೆ ಕೊಟ್ಟು, ಸುತ್ತಿ ಬಂದು ನನ್ನ ಬಾಗಿಲು ತೆರೆದ.

"ಇಳೀರಿ ಐಯಾ. ಇದು ನನ್ನ ಜಾಗ. ಗ್ಯಾರೇಜಿನ ತನಕ ನಾನು ಅವರ ಜೊತೆ ಹೋಗ್ತೀನಿ. ನೀವು ಬಸ್ಸಿಗೆ ಬನ್ನಿ."

ಟೀಚರಮ್ಮ ಒಮ್ಮೆ ಕೈ ಮುಗಿದು ಸೀಟಿಗೆ ಕೂತರು. ಎಡಗೈಯಲ್ಲಿ ಗೇರ್ ಹಾಕುವಾಗ ಸ್ವಲ್ಪ ತಡವರಿಸಿದರು, ಆಮೇಲೆ ಹಾಕಿದರು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಆ ಚಕ್ರವನ್ನೇ ನೋಡುತ್ತಿದ್ದೆ. ನೆಟ್ಟಗೆ ಓಡುತ್ತಿತ್ತು. ಕೊಯಮತ್ತೂರಿನ ಬಸ್ಸು ಬರಲು ಮುಕ್ಕಾಲು ಗಂಟೆಯಾಯಿತು. ಸ್ಟಾಪಿನಲ್ಲಿ ಕಲ್ಲುಬೆಂಚು ಇತ್ತು. ನಾನು ನಿಂತೇ ಇದ್ದೆ.